ಆಗಮನ ಕಾಲ ಮನೆಯಲ್ಲೇ: ಜೀನ್ಸ್ ಜೇಬಿನ ಕ್ಯಾಲೆಂಡರ್, ದಿನಕ್ಕೊಂದು ಓದು

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಡಿಸೆಂಬರ್ ಬಂತೆಂದರೆ ಕ್ರೈಸ್ತರ ಮನೆಗಳಲ್ಲಿ ಕೈಗೆ ಬಿಡುವಿರುವುದಿಲ್ಲ. ಮನೆಗೆ ಬಣ್ಣ ಹೊಡೆಸಬೇಕು, ಬಾಗಿಲ ಮುಂದೆ ನಕ್ಷತ್ರ ಕಟ್ಟಬೇಕು, ಮಕ್ಕಳಿಗೆ ಬಟ್ಟೆ ಹೊಲಿಸಬೇಕು, ಕರ್ಚಿಕಾಯಿ, ಚಕ್ಕುಲಿ ಮಾಡಬೇಕು. ರಾತ್ರಿ ಮನೆ ಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹೇಳುವ ಕ್ಯಾರಲ್ಸ್‌ನವರು ಬರುತ್ತಾರೆ. ಇದೆಲ್ಲ ಸಂತೋಷವೇ. ಆದರೆ ಈ ಓಡಾಟದ ನಡುವೆ, ಕ್ರಿಸ್‌ಮಸ್‌ಗಾಗಿ ಕಾಯುವ ಆಗಮನ ಕಾಲ ಅನ್ನುವುದು ಚರ್ಚಿನಲ್ಲೇ ಉಳಿದುಬಿಡುತ್ತದೆ. ಭಾನುವಾರ ಪೀಠದ ಮೇಲೆ ನೇರಳೆ ಬಟ್ಟೆ ನೋಡುತ್ತೇವೆ. ಮೇಣದ ಬತ್ತಿ ವಾರಕ್ಕೊಂದು ಹತ್ತುವುದನ್ನು ನೋಡುತ್ತೇವೆ. ಸೋಮವಾರದಿಂದ ಶನಿವಾರದವರೆಗೆ ಮನೆಯಲ್ಲಿ ಅದರ ಸುಳಿವೇ ಇರುವುದಿಲ್ಲ.

ಕಾಯುವುದು ಅಂದರೇನು ಅಂತ ಮಕ್ಕಳು ಕಲಿಯುವುದು ಮನೆಯಲ್ಲಿ. ಅದಕ್ಕೆ ದೊಡ್ಡ ಏರ್ಪಾಡು ಬೇಕಿಲ್ಲ. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಮನೆಯವರು ಹದಿನೈದು ನಿಮಿಷ ಒಟ್ಟಿಗೆ ಕೂತರೆ ಸಾಕು. ದಿನಕ್ಕೊಂದು ಜೇಬು ತೆರೆಯುವಂಥ, ಕೈಯಿಂದ ಮಾಡಿದ ಒಂದು ಕ್ಯಾಲೆಂಡರ್ ಗೋಡೆ ಮೇಲಿದ್ದರೆ ಮಕ್ಕಳೇ ದೊಡ್ಡವರನ್ನು ಕರೆದು ಕೂರಿಸುತ್ತಾರೆ. ಎರಡನ್ನೂ ಹೇಗೆ ಮಾಡುವುದು ಅಂತ ಇಲ್ಲಿ ಬರೆದಿದ್ದೇನೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್, ಕ್ಯಾಥೋಲಿಕ್, ಯಾವ ಸಭೆಯವರಾದರೂ ತಮ್ಮ ಪದ್ಧತಿಗೆ ತಕ್ಕಂತೆ ಸ್ವಲ್ಪ ಬದಲಿಸಿಕೊಂಡು ಬಳಸಬಹುದು.

ಮೊದಲು ದಿನಗಳ ಲೆಕ್ಕ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವೇ ಆಗಮನ ಕಾಲ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವತ್ತಾದರೂ ಬರುತ್ತದೆ. 2026ರಲ್ಲಿ ಅದು ನವೆಂಬರ್ 29, 2027ರಲ್ಲಿ ನವೆಂಬರ್ 28, 2028ರಲ್ಲಿ ಡಿಸೆಂಬರ್ 3. ಹಾಗಾಗಿ ಈ ಕಾಲ ಒಂದು ವರ್ಷ 22 ದಿನ ಇದ್ದರೆ ಇನ್ನೊಂದು ವರ್ಷ 28 ದಿನ ಇರುತ್ತದೆ.

ಕ್ಯಾಲೆಂಡರ್‌ನ ಲೆಕ್ಕ ಬೇರೆ. ಅದು ಯಾವಾಗಲೂ ಡಿಸೆಂಬರ್ 1ರಿಂದ 24. ಈ ಎರಡನ್ನೂ ಒಂದೇ ಮಾಡಲು ಹೋಗಬೇಡಿ, ತಲೆ ಕೆಡುತ್ತದೆ. ಮೇಣದ ಬತ್ತಿ ಭಾನುವಾರದ ಲೆಕ್ಕದಲ್ಲಿ ಹತ್ತಲಿ, ಕ್ಯಾಲೆಂಡರ್ ತಾರೀಖಿನ ಲೆಕ್ಕದಲ್ಲಿ ನಡೆಯಲಿ. 2026ರಲ್ಲಿ ನವೆಂಬರ್ 29, 30 ಎರಡು ದಿನ ಬರೀ ಬತ್ತಿ ಹಚ್ಚಿ, ಒಂದು ಕೀರ್ತನೆ ಓದಿ ಪ್ರಾರ್ಥನೆ ಮಾಡಿ. ಡಿಸೆಂಬರ್ 1ಕ್ಕೆ ಮೊದಲ ಜೇಬು ತೆರೆಯಿರಿ.

ದೀಪಾವಳಿ ರಜೆ ಮುಗಿದ ಮೇಲೆ, ನವೆಂಬರ್ ಮಧ್ಯದಲ್ಲಿ ಕೆಲಸ ಶುರು ಮಾಡಿದರೆ ಅವಸರ ಇರುವುದಿಲ್ಲ. ಹೊಲಿಯಲು ಒಂದು ಭಾನುವಾರದ ಮಧ್ಯಾಹ್ನ, ಚೀಟಿ ಬರೆಯಲು ಇನ್ನೊಂದು ಸಂಜೆ.

ಜೀನ್ಸ್ ಜೇಬಿನ ಕ್ಯಾಲೆಂಡರ್

ಆಗಮನ ಕಾಲದ ಕ್ಯಾಲೆಂಡರ್ ಹುಟ್ಟಿದ್ದು ಜರ್ಮನಿಯ ಲುಥೆರನ್ ಮನೆಗಳಲ್ಲಿ, 19ನೇ ಶತಮಾನದಲ್ಲಿ. ಬಾಗಿಲ ಮೇಲೆ ಸೀಮೆಸುಣ್ಣದಿಂದ 24 ಗೆರೆ ಎಳೆಯುತ್ತಿದ್ದರು, ಮಕ್ಕಳು ದಿನಕ್ಕೊಂದು ಅಳಿಸುತ್ತಿದ್ದರು. ಅಷ್ಟೇ. ಅಚ್ಚು ಹಾಕಿದ ಕ್ಯಾಲೆಂಡರ್ ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಮ್ಯೂನಿಕ್‌ನ ಗೆರ್‌ಹಾರ್ಡ್ ಲಾಂಗ್ ಅದನ್ನು ಅಚ್ಚು ಹಾಕಿ ಮಾರಿದವರಲ್ಲಿ ಹೆಸರಾದವರು. ಇವತ್ತು ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಚಾಕೊಲೇಟ್ ಕ್ಯಾಲೆಂಡರ್ ಅದರ ಮುಂದಿನ ರೂಪ. ಅದನ್ನು ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಮಕ್ಕಳಿಗೆ ತಿನ್ನುವುದು ಬಿಟ್ಟು ಬೇರೆ ಕೆಲಸವಿಲ್ಲ, ಮುಗಿದ ಮೇಲೆ ಅದು ಕಸದ ಬುಟ್ಟಿಗೆ. ಬಟ್ಟೆಯದು ಹಾಗಲ್ಲ. ಒಂದು ಸಲ ಹೊಲಿದರೆ ಮಕ್ಕಳು ದೊಡ್ಡವರಾಗುವ ತನಕ ಬರುತ್ತದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳು ಓಣಿಗೊಂದು ಸಿಗುತ್ತವೆ ಅಂದರೂ ತಪ್ಪಿಲ್ಲ. ಕಟಿಂಗ್‌ನಲ್ಲಿ ಉಳಿದ ಚೂರುಗಳನ್ನು ಪರಿಚಯದವರು ಸುಮ್ನೆ ಕೊಡುತ್ತಾರೆ, ಇಲ್ಲದಿದ್ದರೆ ತೂಕದ ಲೆಕ್ಕದಲ್ಲಿ ಸಿಗುತ್ತವೆ. ಕೊಪ್ಪಳ, ರಾಯಚೂರಿನವರು ಮನೆಯಲ್ಲಿ ಹರಿದ ಪ್ಯಾಂಟುಗಳನ್ನೇ ಕತ್ತರಿಸಿಕೊಳ್ಳಬಹುದು. ಹಳೇ ಪ್ಯಾಂಟಿನಲ್ಲಿ ಒಂದು ಲಾಭ ಇದೆ: ಹಿಂದಿನ ಎರಡು ಜೇಬು ರೆಡಿಯಾಗೇ ಇರುತ್ತವೆ, ಹೊಲಿಗೆ ಬಿಚ್ಚಿ ಹಾಗೇ ಜೋಡಿಸಬಹುದು. ಅಪ್ಪನ ಹಳೇ ಪ್ಯಾಂಟಿನ ಜೇಬು 24ನೇ ದಿನಕ್ಕೆ ಅಂತ ಇಟ್ಟರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ.

ಬೇಕಾದ ಅಳತೆ ಹೀಗಿದೆ. ಹಿಂದಿನ ಬಟ್ಟೆ 24 ಇಂಚು ಅಗಲ, 40 ಇಂಚು ಉದ್ದ. ಇದಕ್ಕೆ ದಪ್ಪ ಹತ್ತಿ ಬಟ್ಟೆ, ಹಳೇ ಬೆಡ್‌ಶೀಟಿನ ಎರಡು ಪದರ, ಇಲ್ಲವೇ ತೊಳೆದು ಒಣಗಿಸಿದ ಗೋಣಿಚೀಲ ಆಗುತ್ತದೆ. ಗೋಣಿ ನೋಡಲು ಚೆನ್ನ, ಆದರೆ ಅಂಚು ಬಿಟ್ಟುಕೊಳ್ಳುತ್ತದೆ. ಅದಕ್ಕೆ ಸುತ್ತ ಒಂದು ಪಟ್ಟಿ ಕೊಟ್ಟು ಹೊಲಿಯಿರಿ. ಜೇಬಿಗೆ 5 ಇಂಚು ಅಗಲ, ಆರೂವರೆ ಇಂಚು ಎತ್ತರದ 24 ತುಂಡು ಬೇಕು. ಬದಿಗೆ ಮತ್ತು ಕೆಳಗೆ ಅರ್ಧರ್ಧ ಇಂಚು, ಮೇಲೆ ಒಂದು ಇಂಚು ಮಡಿಕೆಗೆ ಹೋದರೆ ಜೇಬು 4 ಇಂಚು ಅಗಲ, 5 ಇಂಚು ಎತ್ತರಕ್ಕೆ ಬಂದು ನಿಲ್ಲುತ್ತದೆ.

ಹೊಸ ಚೂರುಗಳಾದರೆ ಕತ್ತರಿಸುವ ಮುಂಚೆ ತಣ್ಣೀರಲ್ಲಿ ಬೇರೆಯಾಗಿ ಜಾಲಿಸಿ, ನೆರಳಲ್ಲಿ ಒಣಗಿಸಿ. ನೀಲಿ ಬಣ್ಣ ಬಿಡುತ್ತದೆ. ಹಾಗೇ ಹೊಲಿದರೆ ಬಿಳಿ ಬಟ್ಟೆಗೆ ಹತ್ತಿಕೊಳ್ಳುತ್ತದೆ, ಗೋಡೆಗೂ ಹತ್ತಬಹುದು.

ಮೊದಲು ಪ್ರತಿ ತುಂಡಿನ ಮೇಲಂಚನ್ನು ಒಂದು ಇಂಚು ಒಳಗೆ ಮಡಿಚಿ ಹೊಲಿಯಿರಿ. ಈ ಹಂತ ಮುಗಿಯುವ ತನಕ ಹಿಂದಿನ ಬಟ್ಟೆಗೆ ಕೈ ಹಾಕಬೇಡಿ. ಆಮೇಲೆ ಉಳಿದ ಮೂರು ಬದಿ ಒಳಗೆ ಮಡಿಚಿ ಇಸ್ತ್ರಿ ಒತ್ತಿ. ಹಿಂದಿನ ಬಟ್ಟೆಯ ಮೇಲ್ತುದಿಯಲ್ಲಿ 3 ಇಂಚು ಬಿಟ್ಟು, ಸಾಲಿಗೆ ನಾಲ್ಕರಂತೆ ಆರು ಸಾಲು ಜೋಡಿಸಿ ಗುಂಡುಸೂಜಿ ಚುಚ್ಚಿ. ಜೇಬು ಜೇಬಿನ ನಡುವೆ ಒಂದೂವರೆ ಇಂಚು, ಸಾಲು ಸಾಲಿನ ನಡುವೆ ಒಂದು ಇಂಚು ಜಾಗ ಇರಲಿ. ಮೇಲಿನ ಸಾಲಿನಿಂದ ಶುರು ಮಾಡಿ ಮೂರು ಬದಿ ಹೊಲಿಯಿರಿ, ಮೇಲೆ ಬಾಯಿ ತೆರೆದಿರಲಿ.

ಜೀನ್ಸ್ ಬಟ್ಟೆಗೆ 16 ನಂಬರ್ ಸೂಜಿ ಹಾಕಿ. ಮೂಲೆಯಲ್ಲಿ ಮಡಿಕೆ ನಾಲ್ಕು ಪದರ ಆಗುತ್ತದೆ. ಅಲ್ಲಿ ಪೆಡಲ್ ತುಳಿಯದೆ ಚಕ್ರವನ್ನು ಕೈಯಿಂದ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ, ಇಲ್ಲದಿದ್ದರೆ ಸೂಜಿ ಟಕ್ ಅಂತ ಮುರಿಯುತ್ತದೆ. ಮಷಿನ್ ಇಲ್ಲದವರು ಟೇಲರ್ ಹತ್ತಿರ ಕೊಟ್ಟುಬಿಡಿ, ಆದರೆ ಮಡಿಚಿ ಜೋಡಿಸುವ ಕೆಲಸ ಮನೆಯಲ್ಲೇ ಮಾಡಿ. ಅದರಲ್ಲಿ ಆರು ವರ್ಷದ ಮಗುವೂ ಕೈ ಜೋಡಿಸಬಹುದು. ಕೊನೆಗೆ ಮೇಲಿನ 3 ಇಂಚನ್ನು ಅರ್ಧಕ್ಕೆ ಹಿಂದೆ ಮಡಿಚಿ ಹೊಲಿದು ಅದರೊಳಗೆ ಬಿದಿರಿನ ಕೋಲು ತೂರಿಸಿ, ಎರಡೂ ತುದಿಗೆ ದಾರ ಕಟ್ಟಿ ನೇತುಹಾಕಿ.

ಅಂಕಿಗಳನ್ನು ಮಕ್ಕಳ ಕೈಯಿಂದಲೇ ಬರೆಸಿ, ಬಿಳಿ ಫ್ಯಾಬ್ರಿಕ್ ಪೇಂಟಿನಲ್ಲಿ, ಕನ್ನಡ ಅಂಕಿಗಳಲ್ಲಿ. ಇಂಗ್ಲಿಷ್ ಮೀಡಿಯಂ ಮಕ್ಕಳು ಕನ್ನಡದ ಏಳು ಯಾವುದು, ಒಂಬತ್ತು ಯಾವುದು ಅಂತ ಕೇಳುತ್ತಾ ಕೇಳುತ್ತಾ ಇಪ್ಪತ್ತನಾಲ್ಕರ ತನಕ ಕಲಿತುಬಿಡುತ್ತಾರೆ. ಅಂಕಿ ಸೊಟ್ಟಗಾದರೆ ತಿದ್ದಬೇಡಿ. ಆ ವರ್ಷ ಆ ಮಗುವಿನ ಕೈಬರಹ ಹೇಗಿತ್ತು ಅನ್ನುವುದು ಹಾಗೇ ಉಳಿಯಲಿ.

ಹೊಲಿಗೆ ಬೇಡ ಅನ್ನುವವರು 24 ಖಾಲಿ ಬೆಂಕಿಪೊಟ್ಟಣ ಅಂಟಿಸಿ ಪುಟ್ಟ ಡ್ರಾಯರ್‌ಗಳ ಕ್ಯಾಲೆಂಡರ್ ಮಾಡಬಹುದು. ಇಲ್ಲವೇ ದಾರಕ್ಕೆ 24 ಕಾಗದದ ಕವರ್ ಕ್ಲಿಪ್ ಹಾಕಿ ತೂಗುಬಿಡಬಹುದು.

ಜೇಬಿನೊಳಗೆ ಏನು?

ಇದು ಇಡೀ ಕೆಲಸದ ಜೀವಾಳ. ಪ್ರತಿ ಜೇಬಿನಲ್ಲಿ ಒಂದು ಚೀಟಿ, ಚೀಟಿಯ ಒಂದು ಬದಿಗೆ ಆ ದಿನದ ಓದು, ಇನ್ನೊಂದು ಬದಿಗೆ ಒಂದು ಸಣ್ಣ ಕೆಲಸ. ಹಳೇ ಮದುವೆ ಕಾರ್ಡಿನ ಖಾಲಿ ಬದಿ ಇದಕ್ಕೆ ಹೇಳಿ ಮಾಡಿಸಿದ್ದು: ಗಟ್ಟಿ ಇರುತ್ತದೆ, ಬೇಗ ಹರಿಯುವುದಿಲ್ಲ.

ಸಿಹಿ ಇಡಲೇಬೇಡಿ ಅಂತಲ್ಲ. ಶೇಂಗಾ ಚಿಕ್ಕಿ, ಕಲ್ಲುಸಕ್ಕರೆ ಕೊಡಿ. ಆದರೆ ಹಿಂದಿನ ರಾತ್ರಿಯೇ ಜೇಬಿಗೆ ಹಾಕಬೇಡಿ, ಬೆಳಗಾಗುವಷ್ಟರಲ್ಲಿ ಇರುವೆ ಸಾಲು ಹಿಡಿದಿರುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಡಬ್ಬಿಯಿಂದ ತೆಗೆದು ಕೊಡುವುದೇ ಸರಿ. ವಾರಕ್ಕೊಂದೆರಡು ದಿನ ಸಾಕು. ದಿನಾ ಸಿಹಿ ಇದ್ದರೆ ಮಕ್ಕಳ ಕಣ್ಣು ಚೀಟಿ ಮೇಲೆ ಇರುವುದಿಲ್ಲ.

ಕೆಲಸಗಳನ್ನು ಆರಿಸುವಾಗ ನಿಮ್ಮ ಮನೆಯ ಡಿಸೆಂಬರ್ ಹೇಗಿರುತ್ತದೆ ಅಂತ ನೋಡಿಕೊಳ್ಳಿ. ಶಾಲೆ ಇರುವ ದಿನ ಐದು ನಿಮಿಷದ ಕೆಲಸ ಕೊಡಿ, ಶನಿವಾರ ಭಾನುವಾರಕ್ಕೆ ದೊಡ್ಡದು ಇಡಿ. ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿ ಅವರು ಚಿಕ್ಕವರಿದ್ದಾಗ ಕ್ರಿಸ್‌ಮಸ್ ಹೇಗಿತ್ತು ಅಂತ ಕೇಳುವುದು. ಜಗಳವಾಡಿದ ಗೆಳೆಯನ ಹತ್ತಿರ ಹೋಗಿ ಮಾತಾಡಿಸುವುದು. ಓಣಿಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಅಂಗಡಿಯಿಂದ ಏನಾದರೂ ತಂದುಕೊಡುವುದು. ಅವ್ವನಿಗೆ ಕರ್ಚಿಕಾಯಿ ಅಂಚು ಕತ್ತರಿಸಿಕೊಡುವುದು. ಒಂದು ಸಂಜೆ ಟಿವಿ, ಮೊಬೈಲ್ ಇಲ್ಲದೆ ಕೂರುವುದು. ಇಂಥ ಕೆಲಸಕ್ಕೆ ದುಡ್ಡು ಬೇಕಿಲ್ಲ. ದುಡ್ಡು ಬೇಕಾಗುವ ಕೆಲಸ ಪೂರ್ತಿ ತಿಂಗಳಲ್ಲಿ ಎರಡೋ ಮೂರೋ ಇರಲಿ, ಅದೂ ಮನೆಯವರೆಲ್ಲ ಕೂತು ಒಪ್ಪಿಕೊಂಡದ್ದು ಇರಲಿ.

ಅದರಲ್ಲಿ ಒಂದನ್ನು ಮಾತ್ರ ಖಂಡಿತ ಇಡಿ. ಸ್ನಾನಿಕನಾದ ಯೋಹಾನ ಜನರಿಗೆ ಹೇಳಿದ ಮಾತು ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿದೆ: ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ. ಅದನ್ನು ಓದಿದ ದಿನವೇ ಮಕ್ಕಳು ಬೀರು ತೆರೆದು ತಮ್ಮ ಸ್ವೆಟರ್, ಅಂಗಿಗಳಲ್ಲಿ ಒಂದನ್ನು ತಾವೇ ಆರಿಸಿ ತೆಗೆಯಲಿ. ನಮ್ಮ ಕಡೆ ಹಗಲು ಬಿಸಿಲಿದ್ದರೂ ಡಿಸೆಂಬರ್ ರಾತ್ರಿ ಚಳಿ ಇರುತ್ತದೆ. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಹತ್ತಿರ ಮಲಗುವವರಿಗೆ ಒಂದು ಹೊದಿಕೆ ಎಷ್ಟು ಬೇಕು ಅಂತ ಮಕ್ಕಳು ಕಣ್ಣಾರೆ ನೋಡಲಿ. ಹರಿದದ್ದನ್ನು, ಬಿಗಿಯಾದದ್ದನ್ನು ಕೊಡಲು ಬಿಡಬೇಡಿ. ಹಾಕಿಕೊಳ್ಳುವಂಥದ್ದೇ ಹೋಗಬೇಕು.

ನಾಲ್ಕು ಬತ್ತಿ

ಆಗಮನ ಕಾಲದ ಬತ್ತಿಗಳಿಗೂ ಮಕ್ಕಳೇ ಕಾರಣ. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಖರ್ನ್ ಅನ್ನುವ ಪಾದ್ರಿ, ಕ್ರಿಸ್‌ಮಸ್ ಯಾವಾಗ ಯಾವಾಗ ಅಂತ ಕೇಳುತ್ತಿದ್ದ ಮಕ್ಕಳಿಗಾಗಿ ಒಂದು ಬಂಡಿಗಾಲಿಯ ಮೇಲೆ ಬತ್ತಿಗಳನ್ನು ಜೋಡಿಸಿದರಂತೆ. ಭಾನುವಾರಗಳಿಗೆ ನಾಲ್ಕು ದೊಡ್ಡವು, ಉಳಿದ ದಿನಗಳಿಗೆ ಚಿಕ್ಕವು. ಇವತ್ತು ಚರ್ಚುಗಳಲ್ಲಿ ಉಳಿದಿರುವುದು ಆ ನಾಲ್ಕು.

ಸಾಮಾನ್ಯವಾಗಿ ಮೂರು ನೇರಳೆ, ಒಂದು ಗುಲಾಬಿ. ಗುಲಾಬಿ ಬಣ್ಣದ್ದು ಮೂರನೇ ಭಾನುವಾರಕ್ಕೆ, ಅದು ಸಂತೋಷದ ಭಾನುವಾರ. ಕೆಲವು ಸಭೆಗಳಲ್ಲಿ ನಾಲ್ಕೂ ಒಂದೇ ಬಣ್ಣದವು. ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಅಂತ ನಾಲ್ಕು ವಾರಕ್ಕೆ ನಾಲ್ಕು ಹೆಸರು ಹೇಳುವ ರೂಢಿಯೂ ಇದೆ. ನಿಮ್ಮ ಚರ್ಚಿನಲ್ಲಿ ಯಾವ ಕ್ರಮವೋ ಮನೆಯಲ್ಲೂ ಅದೇ ಇರಲಿ, ಮಕ್ಕಳಿಗೆ ಗೊಂದಲ ಬೇಡ. ನೇರಳೆ ಬತ್ತಿ ನಮ್ಮ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬಿಳಿ ಬತ್ತಿಯ ಬುಡಕ್ಕೆ ನೇರಳೆ ರಿಬ್ಬನ್ ಸುತ್ತಿದರೆ ಆಯಿತು. ದೀಪಾವಳಿಯ ಮಣ್ಣಿನ ಹಣತೆ ನಾಲ್ಕು ಇದ್ದರೆ ಅದೂ ಚೆನ್ನಾಗೇ ಆಗುತ್ತದೆ.

ಬತ್ತಿ ಕೊಳ್ಳುವಾಗ ದಪ್ಪನೆಯದು ನೋಡಿ. ದಿನಕ್ಕೆ ಹದಿನೈದು ನಿಮಿಷ ಉರಿಸಿದರೂ, 28 ದಿನದ ವರ್ಷದಲ್ಲಿ ಮೊದಲನೇ ಬತ್ತಿ ಒಟ್ಟು 7 ಗಂಟೆ ಉರಿಯಬೇಕು. ಕರೆಂಟ್ ಹೋದಾಗ ಹಚ್ಚುವ ಸಣ್ಣ ಬತ್ತಿ ಅಷ್ಟು ಬಾಳುವುದಿಲ್ಲ. ಮೊದಲ ವಾರ ದಿನಾ ಒಂದೇ ಬತ್ತಿ, ಎರಡನೇ ವಾರ ಎರಡು, ಹೀಗೆ. ನಾಲ್ಕನೇ ವಾರಕ್ಕೆ ನಾಲ್ಕು ಬತ್ತಿಗಳೂ ಬೇರೆ ಬೇರೆ ಎತ್ತರದಲ್ಲಿ ನಿಂತಿರುತ್ತವೆ. ಎಷ್ಟು ದಿನ ಕಾದೆವು ಅಂತ ಪುಟ್ಟ ಮಕ್ಕಳಿಗೆ ತೋರಿಸಲು ಇದಕ್ಕಿಂತ ಬೇರೆ ಬೇಕಿಲ್ಲ.

ಹಿತ್ತಾಳೆ ತಟ್ಟೆಯಲ್ಲಿ ಒಂದು ಇಂಚು ಮರಳು ಹರಡಿ ಬತ್ತಿಗಳನ್ನು ನೆಡಿ. ಸುತ್ತ ಹಸಿರು ಬೇಕೆಂದರೆ ಮಾವಿನ ಎಲೆ ಇಡಿ, ನಾಲ್ಕು ದಿನಕ್ಕೊಮ್ಮೆ ಬದಲಿಸಿ. ನಮ್ಮ ಹವೆ ಒಣ ಹವೆ. ಬಾಡಿದ ಎಲೆ ಕಾಗದದಷ್ಟೇ ಬೇಗ ಬೆಂಕಿ ಹಿಡಿಯುತ್ತದೆ. ಹೈವೇ ನಡುವೆ ಸಾಲಾಗಿ ಬೆಳೆದ ಕಣಗಿಲೆ ವರ್ಷಪೂರ್ತಿ ಹಸಿರಾಗಿರುತ್ತದೆ ಅಂತ ಅದನ್ನು ಮಾತ್ರ ತರಬೇಡಿ. ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಜೀವಕ್ಕೇ ಅಪಾಯ. ಬತ್ತಿ ಹಚ್ಚುವಾಗ ಫ್ಯಾನ್ ಆಫ್ ಮಾಡಿ. ಕರ್ಟನ್ ಮತ್ತು ಬಟ್ಟೆಯ ಕ್ಯಾಲೆಂಡರ್‌ನಿಂದ ತಟ್ಟೆ ದೂರ ಇರಲಿ. ಎದ್ದು ಹೋಗುವ ಮುಂಚೆ ಆರಿಸಿ. ಆರಿಸುವ ಕೆಲಸ ಮನೆಯ ಚಿಕ್ಕ ಮಗುವಿಗೆ ಕೊಡಿ, ಹಚ್ಚುವುದು ದೊಡ್ಡವರೇ ಮಾಡಲಿ.

24 ಓದುಗಳು

ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ದಿನಕ್ಕೊಂದು ಅಧ್ಯಾಯ ಓದುವವರಿದ್ದಾರೆ. ದೊಡ್ಡವರಿಗೆ ಅದು ಒಳ್ಳೆಯದೇ. ಆದರೆ ಹಾಗೆ ಓದಿದರೆ ಡಿಸೆಂಬರ್ 2ಕ್ಕೇ ಯೇಸುಸ್ವಾಮಿ ಹುಟ್ಟಿಬಿಡುತ್ತಾರೆ, 24ಕ್ಕೆ ಪುನರುತ್ಥಾನಕ್ಕೆ ಬಂದಿರುತ್ತೇವೆ. ಮಕ್ಕಳಿರುವ ಮನೆಗೆ ಕಾಯುವ ಕ್ರಮ ಬೇಕು. ನಾನು ಇಷ್ಟಪಡುವ ಕ್ರಮ ಇದು.

ಡಿಸೆಂಬರ್ 1ರಿಂದ 6, ವಾಗ್ದಾನದ ಮಾತುಗಳು: ಯೆಶಾಯ 2:1-5, ಯೆಶಾಯ 9:2-7, ಯೆಶಾಯ 11:1-9, ಯೆಶಾಯ 40:1-5, ಮೀಕ 5:2-4, ಯೆರೆಮೀಯ 33:14-16. ನಿಮ್ಮ ಪ್ರತಿಯಲ್ಲಿ ವಚನದ ಅಂಕಿ ಒಂದು ಆಚೀಚೆ ಇದ್ದರೆ ಗಾಬರಿ ಬೇಡ.

7ರಿಂದ 12, ಕಾದವರು: ಆದಿಕಾಂಡ 12:1-3, ರೂತಳು 1:15-18, 1 ಸಮುವೇಲ 16:1-13, ಮತ್ತಾಯ 1:1-17, ಕೀರ್ತನೆ 130, ಯಾಕೋಬ 5:7-8.

13ರಿಂದ 16, ಸ್ನಾನಿಕನಾದ ಯೋಹಾನನ ಕಥೆ: ಲೂಕ 1:5-25, ಲೂಕ 1:57-66, ಲೂಕ 1:67-80, ಲೂಕ 3:1-14.

17ರಿಂದ 24, ಬೇತ್ಲೆಹೇಮಿನ ದಾರಿ: ಯೆಶಾಯ 7:10-14, ಲೂಕ 1:26-38, ಮತ್ತಾಯ 1:18-25, ಲೂಕ 1:39-45, ಲೂಕ 1:46-55, ಯೋಹಾನ 1:1-14, ಲೂಕ 2:1-7, ಲೂಕ 2:8-20.

ಮತ್ತಾಯನ ವಂಶಾವಳಿ ಬಂದ ದಿನ ಹೆಸರುಗಳ ಸಾಲು ನೋಡಿ ಮಕ್ಕಳು ಮುಖ ಸಣ್ಣಗೆ ಮಾಡುತ್ತಾರೆ. ಅದನ್ನು ಬಿಡಬೇಡಿ. ಹಿಂದಿನ ದಿನಗಳಲ್ಲಿ ಓದಿದ ಹೆಸರು ಬಂದಾಗ ಚಪ್ಪಾಳೆ ತಟ್ಟಿ ಅಂತ ಹೇಳಿ. ಅಬ್ರಹಾಮ ಬಂದ, ರೂತಳು ಬಂದಳು, ದಾವೀದ ಬಂದ. ಓದು ಮುಗಿದ ಮೇಲೆ ನಿಮ್ಮದೇ ಮನೆತನದ ಹೆಸರುಗಳನ್ನು ಗೊತ್ತಿರುವಷ್ಟು ಹಿಂದಕ್ಕೆ ಹೇಳಿಸಿ. ಮುತ್ತಜ್ಜನ ಹೆಸರು ಗೊತ್ತಿಲ್ಲದಿದ್ದರೆ ಅಜ್ಜನಿಗೆ ಫೋನ್ ಮಾಡಿ. ಮನೆಯಲ್ಲಿ ಮೊದಲು ವಿಶ್ವಾಸಕ್ಕೆ ಬಂದವರು ಯಾರು ಅನ್ನುವ ಮಾತು ತಾನಾಗೇ ಬರುತ್ತದೆ.

ಯಾಕೋಬನ ಮಾತು ನಮ್ಮ ಜಿಲ್ಲೆಗಳಿಗೆ ಅಂತಲೇ ಬರೆದ ಹಾಗಿದೆ. ರೈತ ಮುಂಗಾರು ಹಿಂಗಾರು ಮಳೆಗಾಗಿ ಕಾದು, ಭೂಮಿಯ ಬೆಲೆಬಾಳುವ ಫಲಕ್ಕಾಗಿ ತಾಳ್ಮೆಯಿಂದ ಇರುತ್ತಾನೆ, ನೀವೂ ಹಾಗೇ ಇರಿ ಅನ್ನುತ್ತಾನೆ. ತುಂಗಭದ್ರಾ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಅಂತ ಕಾಯುವ ಮನೆಗಳಿಗೆ, ಮಳೆ ನಂಬಿ ಹತ್ತಿ, ತೊಗರಿ, ಜೋಳ ಬಿತ್ತುವ ಮನೆಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಆ ದಿನ ಓದುವ ಕೆಲಸವನ್ನು ಮನೆಯ ಹಿರಿಯ ರೈತನಿಗೇ ಕೊಡಿ. ಕಾಯುವಾಗ ಅವರು ಸುಮ್ಮನೆ ಕೂತಿರುತ್ತಾರಾ, ಏನೇನು ಮಾಡುತ್ತಾರೆ ಅಂತ ಮಕ್ಕಳು ಕೇಳಲಿ. ಕಳೆ ತೆಗೆಯುವುದು, ಬದು ಕಟ್ಟುವುದು, ಎತ್ತು ನೋಡಿಕೊಳ್ಳುವುದು, ಸಾಲದ ಲೆಕ್ಕ, ಎಲ್ಲವನ್ನೂ ಅವರು ಹೇಳಲಿ.

22ನೇ ತಾರೀಖು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯ ಓದುವಾಗ, ನಮ್ಮ ಕೈಗೆ ಈ ಮಾತು ಕನ್ನಡದಲ್ಲಿ ಬಂದದ್ದು ಹೇಗೆ ಅಂತಲೂ ಹೇಳಿ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಇಲ್ಲಿಯೇ ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಬಳ್ಳಾರಿಯ ಮಕ್ಕಳಿಗೆ ಇದು ಗೊತ್ತಿರಬೇಕಲ್ವಾ?

ಹದಿನೈದು ನಿಮಿಷ ಹೇಗೆ ಕಳೆಯುವುದು

ರಾತ್ರಿ ಊಟಕ್ಕೆ ಮುಂಚೆ ಒಳ್ಳೆಯ ಹೊತ್ತು. ಊಟ ಆದ ಮೇಲೆ ಅಂದರೆ ಚಿಕ್ಕವರು ನಿದ್ದೆಗೆ ಜಾರುತ್ತಾರೆ. ಟಿವಿ ಆಫ್ ಮಾಡಿ, ಚಾಪೆ ಹಾಸಿ, ಬತ್ತಿ ಹಚ್ಚಿ. ಎಲ್ಲರಿಗೂ ಬಾಯಿಗೆ ಬರುವ ಒಂದು ಹಾಡು ಹೇಳಿ. ನಾಲ್ಕೂ ವಾರ ಒಂದೇ ಹಾಡಾದರೂ ಚಿಂತೆಯಿಲ್ಲ. ಒಂದೇ ಆದರೆ ಮೂರು ವರ್ಷದ ಮಗುವೂ ಎರಡನೇ ವಾರಕ್ಕೆ ಜೊತೆಗೆ ಹಾಡುತ್ತದೆ.

ಆಮೇಲೆ ಒಬ್ಬರು ಜೇಬಿನಿಂದ ಚೀಟಿ ತೆಗೆಯಲಿ. ಯಾರ ಸರದಿ ಅನ್ನುವುದು ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ದಿನಾ ಜಗಳ. ಬೆಸ ತಾರೀಖು ಅಕ್ಕನದು, ಸರಿ ತಾರೀಖು ತಮ್ಮನದು ಅಂತ ಮಾಡಿದರೆ ಸುಲಭ. ಚೀಟಿ ತೆಗೆದವರು ಅಧ್ಯಾಯ ಹುಡುಕಲಿ, ಓದು ಬರುವವರು ಓದಲಿ. ಮೊಬೈಲ್‌ನಲ್ಲಿ ಓದುವುದು ಬೇಡ. ಸತ್ಯವೇದದ ಪುಟ ತಿರುಗಿಸಿ ಮೀಕ ಎಲ್ಲಿದೆ ಅಂತ ಹುಡುಕುವುದರಲ್ಲೇ ಮಕ್ಕಳು ಎಷ್ಟೋ ಕಲಿಯುತ್ತಾರೆ.

ಓದಿದ ಮೇಲೆ ಬೋಧನೆ ಬೇಡ. ದೊಡ್ಡವರಿಗೆ ಇದು ಕಷ್ಟ, ಗೊತ್ತು. ಒಂದೇ ಒಂದು ಪ್ರಶ್ನೆ ಕೇಳಿ: ಇದರಲ್ಲಿ ನಿನಗೆ ಯಾವ ಮಾತು ಹಿಡಿಸಿತು? ಉತ್ತರ ಬರದಿದ್ದರೆ ಮುಂದೆ ಹೋಗಿ. ಆಮೇಲೆ ಪ್ರಾರ್ಥನೆ, ಎಲ್ಲರೂ ಒಂದೊಂದು ವಾಕ್ಯ. ಕೊನೆಗೆ ಕರ್ತನ ಪ್ರಾರ್ಥನೆ. ಕ್ಯಾಥೋಲಿಕ್ ಮನೆಗಳಲ್ಲಿ ಸಂಜೆ ಜಪಸರ ಹೇಳುವ ರೂಢಿ ಇದ್ದರೆ, ಅದಕ್ಕೆ ಮುಂಚೆ ಚೀಟಿ ತೆಗೆದು ಓದಿ, ಎರಡನ್ನೂ ಬೇರೆ ಬೇರೆ ಹೊತ್ತಿಗೆ ಇಡಬೇಡಿ.

ತೋರಣಗಲ್ಲಿನ ಕಾರ್ಖಾನೆಗಳಲ್ಲಿ, ಹಟ್ಟಿ ಗಣಿಯಲ್ಲಿ, ಶಕ್ತಿನಗರದಲ್ಲಿ ಶಿಫ್ಟ್ ಕೆಲಸ ಮಾಡುವವರ ಮನೆಯಲ್ಲಿ ಒಂದೇ ಹೊತ್ತು ಸಾಧ್ಯವಿಲ್ಲ. ಅಂಥವರು ಹೊತ್ತನ್ನು ವಾರಕ್ಕೊಮ್ಮೆ ಬದಲಿಸಿಕೊಳ್ಳಿ. ಅಪ್ಪನಿಗೆ ಮಧ್ಯಾಹ್ನದ ಶಿಫ್ಟ್ ಇರುವ ವಾರ ಬೆಳಿಗ್ಗೆ ಶಾಲೆಗೆ ಮುಂಚೆ ಕೂತರಾಯಿತು. ದುಡಿಯಲು ಬೆಂಗಳೂರಿಗೆ ಹೋದವರಿದ್ದರೆ, 24 ಓದುಗಳ ಪಟ್ಟಿಯ ಫೋಟೋ ತೆಗೆದು ಮುಂಚೆಯೇ ಕಳಿಸಿ. ವಾರಕ್ಕೆರಡು ದಿನ ವಿಡಿಯೋ ಕಾಲ್‌ನಲ್ಲಿ ಅವರೇ ಓದಲಿ. "ಅಪ್ಪಾ, ಇವತ್ತಿನ ಚೀಟಿ ನಿನ್ನದು" ಅಂತ ಮಗು ಜೇಬಿನಿಂದ ತೆಗೆದು ಕ್ಯಾಮೆರಾಗೆ ಹಿಡಿದರೆ ದೂರದಲ್ಲಿರುವವರಿಗೂ ಈ ತಿಂಗಳು ಮನೆಯ ಜೊತೆ ನಡೆಯುತ್ತದೆ.

ಒಂದು ದಿನ ತಪ್ಪಿದರೆ ಮರುದಿನ ಎರಡು ಜೇಬು ತೆರೆಯಿರಿ. ಮೂರು ನಾಲ್ಕು ದಿನ ತಪ್ಪಿದರೆ ಹಿಂದಿನದನ್ನು ಬಿಟ್ಟು ಇವತ್ತಿನದಕ್ಕೆ ಬನ್ನಿ. ಕ್ಯಾರಲ್ಸ್‌ನವರು ಮನೆಗೆ ಬರುವ ದಿನ ಅವರು ಬಂದ ಮೇಲೆಯೇ ಜೇಬು ತೆರೆದು, ಆ ದಿನದ ವಚನವನ್ನು ಅವರೆದುರಿಗೇ ಮಕ್ಕಳಿಂದ ಓದಿಸಿ. ಪಕ್ಕದ ಮನೆ ಮಕ್ಕಳು ಬೇರೆ ಧರ್ಮದವರಾದರೂ ಆ ಹೊತ್ತಿಗೆ ಬಂದು ಕೂತರೆ ಎಬ್ಬಿಸಿ ಕಳಿಸಬೇಡಿ. ಒಂದು ದಿನದ ಚೀಟಿ ತೆಗೆಯಲು ಅವರಿಗೂ ಕೊಡಿ.

ಗೋದಲಿ, ಮೊಳಕೆ, ಹುಲ್ಲು

1223ರಲ್ಲಿ ಇಟಲಿಯ ಗ್ರೆಚೋದಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆ ಇಟ್ಟು ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ನೋಟ, ಮಾಡಿದ ಮೇಲೆ ಈ ರೂಢಿ ಹಬ್ಬಿತು. ನಮ್ಮಲ್ಲಿ ಗೋದಲಿಗೆ ಹುಲ್ಲು ಹುಡುಕಿಕೊಂಡು ಹೋಗಬೇಕಿಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಸುತ್ತಮುತ್ತ ಆ ಹೊತ್ತಿಗೆ ಭತ್ತದ ಕೊಯ್ಲು ನಡೆದಿರುತ್ತದೆ, ಒಂದು ಹಿಡಿ ಹುಲ್ಲು ಯಾರೂ ಇಲ್ಲ ಅನ್ನುವುದಿಲ್ಲ. ದನ, ಕುರಿಗಳನ್ನು ಮಕ್ಕಳು ಜೇಡಿಮಣ್ಣಿನಲ್ಲಿ ಮಾಡಲಿ. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದಿಂದ ಗೊಂಬೆ ಮಾಡುವ ಕುಶಲಕರ್ಮಿಗಳಿದ್ದಾರೆ. ಆಗುವವರು ವರ್ಷಕ್ಕೊಂದು ಗೊಂಬೆ ಅವರಿಂದ ತಂದರೆ ಕೆಲವು ವರ್ಷದಲ್ಲಿ ಗೋದಲಿ ತುಂಬುತ್ತದೆ, ಊರಿನ ಕೈಗೆಲಸಕ್ಕೂ ನಾಲ್ಕು ಕಾಸು ಸೇರುತ್ತದೆ.

14ನೇ ತಾರೀಖಿನ ಚೀಟಿಯಲ್ಲಿ "ಮೊಳಕೆ ಹಾಕು" ಅಂತ ಬರೆಯಿರಿ. ಅಗಲವಾದ ತಟ್ಟೆಗೆ ಎರಡು ಇಂಚು ಮಣ್ಣು ಹರಡಿ, ರಾತ್ರಿ ನೆನೆಸಿದ ಗೋಧಿ ಇಲ್ಲವೇ ಜೋಳ ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ದಿನಾ ನೀರು ಚಿಮುಕಿಸಿ. ಹತ್ತು ದಿನಕ್ಕೆ ಗೋದಲಿ ಮುಂದೆ ಹಸಿರು ಹೊಲ ನಿಂತಿರುತ್ತದೆ.

ಮರಿಯ, ಯೋಸೇಫರ ಗೊಂಬೆಗಳನ್ನು 17ರಂದು ಮನೆಯ ಇನ್ನೊಂದು ಮೂಲೆಯಲ್ಲಿ ಇಟ್ಟು, ದಿನಕ್ಕೆ ಸ್ವಲ್ಪ ಸ್ವಲ್ಪ ಗೋದಲಿ ಕಡೆ ಸರಿಸುತ್ತಾ ಬನ್ನಿ. ಮೂಡಣ ದೇಶದ ಜೋಯಿಸರು ಇನ್ನೂ ದೂರ ಇರಲಿ, ಅವರು ಮುಟ್ಟುವುದು ಜನವರಿ 6ಕ್ಕೆ. ಶಿಶುವಿನ ತೊಟ್ಟಿಲು 24ರ ರಾತ್ರಿವರೆಗೂ ಖಾಲಿ ಇರಬೇಕು. ಹುಲ್ಲಿನ ಹತ್ತಿರ ಬತ್ತಿ ಬೇಡ, ಬ್ಯಾಟರಿ ಲೈಟ್ ಸಾಕು.

24ರಂದು ಮತ್ತು ಆಮೇಲೆ

ಅವತ್ತು ಎಲ್ಲರೂ ರಾತ್ರಿ ಆರಾಧನೆಗೆ ಹೊರಡುವ ಗಡಿಬಿಡಿಯಲ್ಲಿರುತ್ತಾರೆ. ಸಂಜೆ ಆರಕ್ಕೇ ಕೊನೆಯ ಜೇಬು ತೆರೆದುಬಿಡಿ. ದೂತರ ಹಾಡು ಬರುವ ಭಾಗವನ್ನು ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಓದಿ. ಕ್ಯಾಥೋಲಿಕ್ ಬಲಿಪೂಜೆಯಲ್ಲಿ ಆಗಮನ ಕಾಲದ ಭಾನುವಾರಗಳಲ್ಲಿ ಬಿಟ್ಟಿದ್ದ ಮಹಿಮಾ ಗೀತೆ ಆ ರಾತ್ರಿ ಮತ್ತೆ ಕೇಳುತ್ತದೆ. ಅದರ ಮೊದಲ ಸಾಲು ದೂತರ ಇದೇ ಮಾತು ಅಂತ ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಚರ್ಚಿನಲ್ಲಿ ಕಿವಿಗೊಟ್ಟು ಕೇಳುತ್ತಾರೆ.

ಹಬ್ಬ ಮುಗಿದು ಗೋದಲಿ ತೆಗೆಯುವಾಗ ಕ್ಯಾಲೆಂಡರ್ ಇಳಿಸಿ, ಹಿಂಬದಿಯಲ್ಲಿ ವರ್ಷ ಮತ್ತು ಆ ವರ್ಷ ಮನೆಯಲ್ಲಿದ್ದವರ ಹೆಸರು ಪೆನ್ನಿನಲ್ಲಿ ಬರೆಯಿರಿ. ಓದಿನ ಚೀಟಿಗಳು ಮುಂದಿನ ವರ್ಷಕ್ಕೂ ಬರುತ್ತವೆ, ಒಂದು ಕವರ್‌ನಲ್ಲಿ ಹಾಕಿ ಸತ್ಯವೇದದ ಪಕ್ಕ ಇಡಿ. ಕೆಲಸದ ಬದಿಯನ್ನು ಮಾತ್ರ ಪ್ರತಿ ವರ್ಷ ಹೊಸದಾಗಿ ಬರೆದು ಅಂಟಿಸಿ, ಮಕ್ಕಳ ವಯಸ್ಸು ಬದಲಾಗಿರುತ್ತದೆ. ಬಟ್ಟೆಯನ್ನು ಬಿಸಿಲಿಗೆ ಒಂದು ದಿನ ಹಾಕಿ, ಕೋಲು ತೆಗೆದು, ಮಡಿಚದೆ ಸುರುಳಿ ಸುತ್ತಿ, ಒಣಗಿದ ಬೇವಿನ ಎಲೆ ಜೊತೆ ಬೀರುವಿನಲ್ಲಿಡಿ. ಬಿಳಿ ಬಟ್ಟೆ, ರೇಷ್ಮೆ ಸೀರೆಗಳ ಪಕ್ಕ ಮಾತ್ರ ಬೇಡ. ಎಷ್ಟು ಜಾಲಿಸಿದ್ದರೂ ಜೀನ್ಸ್ ಸ್ವಲ್ಪ ಬಣ್ಣ ಬಿಡುತ್ತದೆ.